ಇಂಚಕ್ಕನ ಪುಸ್ತಕದಲ್ಲಿ ಕುಗ್ಗಿಹೋದ ಮಕ್ಕಳು

ಇಂಚಕ್ಕನಿಗೆ ಸುಸ್ತು ಬರೋದು ಹೋಗೋದು ಅಂತೆಲ್ಲ ಇಲ್ಲ, ಅದು ಅವಳ ಜೊತೇಲೇ ವಾಸಕ್ಕಿದೆ. ಬೆಳಿಗ್ಗೆ ಮೊದಲು ಅವಳ ಬೆನ್ನು ಎಚ್ಚರ ಆಗಿ "ಇವತ್ತೂನಾ?" ಅಂತ ಕೇಳುತ್ತೆ. ಆಮೇಲೆ ಇವಳು ಏಳ್ತಾಳೆ. ಅದರಲ್ಲೂ ಸ್ಕೂಲ್ ಶುರುವಾಗೋ ಕಾಲ ಬಂತು ಅಂದ್ರೆ ಕೇಳೋದೇ ಬೇಡ. ಸುತ್ತಮುತ್ತ ನಾಲ್ಕು ಬೀದಿ ಮಕ್ಕಳ ಯೂನಿಫಾರ್ಮ್ ಪೂರ್ತಿ ಇವಳೊಬ್ಬಳ ತಲೆ ಮೇಲೆ. ಅದೇ ಬೂದಿ ಬಣ್ಣದ ಬಟ್ಟೆ, ಅದೇ ಬಿಳಿ ಶರಟು. ಕಣ್ಣು ಮುಚ್ಚಿದ್ರೂ ಬೂದಿ ಬಣ್ಣವೇ ಕಾಣೋದಂತೆ.

ಅಂಗಡಿ ಅಂದ್ರೆ ಒಂದೇ ರೂಮು. ಬಾಗಿಲ ಹತ್ರ ಅವಳಣ್ಣನ ಇಸ್ತ್ರಿ ಮೇಜು. ಅವನನ್ನ ಚಿಕ್ಕೋರು ದೊಡ್ಡೋರು ಎಲ್ಲರೂ ಇಸ್ತ್ರಿ ಮಾವ ಅಂತಲೇ ಕರೆಯೋದು. ಒಳಗಡೆ ಗೋಡೆಗೆ ಒತ್ತಿ ಇವಳ ಮೆಷಿನ್ನು, ಪಕ್ಕದಲ್ಲಿ ಬಟ್ಟೆ ಕತ್ತರಿಸೋ ಹಲಗೆ, ಮೇಲೊಂದು ಟ್ಯೂಬ್‌ಲೈಟು. ಅದಕ್ಕೂ ಇವಳಷ್ಟೇ ಸುಸ್ತು, ಹತ್ತೋಕೆ ಐದು ನಿಮಿಷ ಬೇಕು. ಗಂಡ ಲಾರಿ ಡ್ರೈವರ್, ಮನೆಗೆ ಬರೋದು ತಿಂಗಳಿಗೆ ಎರಡು ಸಲ. ಬಂದಾಗ ಅವನೂ ನಿದ್ದೆ ಮಾಡ್ತಾನೆ.

ಇಂಚಕ್ಕ ಅನ್ನೋ ಹೆಸರು ಯಾಕೆ ಬಂತು ಅಂದ್ರೆ, ಏನೇ ಕೇಳಿದ್ರೂ ಇವಳ ಉತ್ತರ ಇಂಚಲ್ಲೇ. ಬಸ್ ಸ್ಟಾಪ್ ಎಷ್ಟು ದೂರ ಅಂದ್ರೆ "ಮುನ್ನೂರಡಿ, ಮೇಲೊಂದೆರಡು ಇಂಚು." ಎದುರುಮನೆಗೆ ಬಂದ ಹೊಸ ಸೊಸೆ ಹೇಗಿದ್ದಾಳೆ ಅಂದ್ರೆ "ಭುಜ ಹದಿನಾಲ್ಕು, ಬಾಯಿ ನಲವತ್ತು." ನಗದೆ ಹೇಳ್ತಾಳೆ. ನಗೋಕೂ ಶಕ್ತಿ ಬೇಕಲ್ಲ.

ಅವಳಿಗೆ ಜಂಬ ಅಂತ ಇರೋದು ಒಂದೇ ವಿಷಯದಲ್ಲಿ, ಅಳತೆ ಪುಸ್ತಕ. ವರ್ಷಕ್ಕೊಂದು ಉದ್ದದ ಪುಸ್ತಕ, ಹಾಗೆ ಇಪ್ಪತ್ತೆರಡು ವರ್ಷದ್ದು ಹಲಗೆ ಕೆಳಗೆ ಜೋಡಿಸಿಟ್ಟಿದ್ದಾಳೆ. "ಈ ಬೀದಿ ಮಕ್ಕಳು ಎಷ್ಟು ಬೆಳೆದ್ರು ಅಂತ ಹೆತ್ತವರಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ನನ್ನ ಪುಸ್ತಕಕ್ಕೆ ಗೊತ್ತು" ಅಂತ ಯಾರು ಬಂದ್ರೂ ಒಂದು ಸಲ ಹೇಳಿಯೇ ತೀರ್ತಾಳೆ.

ಈ ಮಾತನ್ನ ಹುಟ್ಟಿದಾಗಿಂದ ಕೇಳ್ಕೊಂಡು ಬೆಳೆದೋಳು ಅವಳ ಮಗಳು. ಏಳನೇ ಕ್ಲಾಸು. ಹೂಂ ಅನ್ನೋಕೂ ಸಾಕ್ಷಿ ಕೇಳ್ತಾಳೆ ಅಂತ ಅಮ್ಮ ಅವಳಿಗೆ ಇಟ್ಟ ಹೆಸರು ಲಾಯರಮ್ಮ. ಸ್ಕೂಲಲ್ಲಿ ಸೈನ್ಸ್ ಮಿಸ್ ಒಬ್ಬೊಬ್ಬರಿಗೂ ಒಂದು ಪ್ರಾಜೆಕ್ಟ್ ಮಾಡೋಕೆ ಹೇಳಿದಾಗ ಇವಳು ತಲೆ ಕೆರ್ಕೊಳ್ಳಲೇ ಇಲ್ಲ. "ನಮ್ಮ ಕ್ಲಾಸಿನ ಮಕ್ಕಳು ಒಂದು ವರ್ಷದಲ್ಲಿ ಎಷ್ಟು ಬೆಳೆದರು" ಅಂತ ಬರ್ಕೊಂಡಳು. ಹೋದ ವರ್ಷದ್ದು ಅಮ್ಮನ ಪುಸ್ತಕದಲ್ಲಿ ರೆಡಿ ಇದೆ, ಈ ವರ್ಷದ್ದು ತಾನೇ ಅಳೆದ್ರೆ ಆಯ್ತು. ಶುಕ್ರವಾರ ಎಲ್ಲರ ಮುಂದೆ ಓದ್ಬೇಕು, ಅಪ್ಪ ಅಮ್ಮಂದಿರೂ ಬರಬಹುದು. ಪ್ರಾಜೆಕ್ಟ್ ಇಲ್ಲದೋರಿಗೆ ಸೈನ್ಸಲ್ಲಿ ಪಾಸಿಲ್ಲ.

ಸೋಮವಾರ ಅಮ್ಮನ ಹಳೇ ಟೇಪು ತಗೊಂಡು ಹೋಗಿ, ಕ್ಲಾಸಿನ ಮೂವತ್ತೆರಡು ಮಕ್ಕಳನ್ನೂ ನಿಲ್ಲಿಸಿ ಸೊಂಟದಿಂದ ಮೊಣಕಾಲಿನವರೆಗೆ ಅಳೆದು ಬಂದಳು. ಸಂಜೆ ಅಂಗಡಿಯಲ್ಲಿ ಕೂತು ಹೋದ ವರ್ಷದ ಪುಸ್ತಕ ಬಿಚ್ಚಿ ಪಕ್ಕ ಪಕ್ಕ ಬರೆದಳು. ಬರೀತಾ ಬರೀತಾ ಪೆನ್ನು ನಿಂತುಹೋಯ್ತು.

"ಅಮ್ಮಾ, ನಮ್ಮ ಕ್ಲಾಸು ಕುಗ್ಗಿದೆ."

ಇಂಚಕ್ಕ ಮೆಷಿನ್ ತುಳಿಯೋದು ನಿಲ್ಲಿಸಲಿಲ್ಲ. "ಯಾರಾದ್ರೂ ಸ್ಕೂಲ್ ಬಿಟ್ರಾ?"

"ಮಕ್ಕಳು ಕುಗ್ಗಿದಾರೆ. ಮೂವತ್ತೆರಡರಲ್ಲಿ ಇಪ್ಪತ್ತೇಳು ಜನ ಹೋದ ವರ್ಷಕ್ಕಿಂತ ಗಿಡ್ಡ ಆಗಿದಾರೆ. ನಾನೇ ಒಂದೂವರೆ ಇಂಚು ಕಮ್ಮಿ."

ಇಸ್ತ್ರಿ ಮಾವ ಬಾಗಿಲಿಂದಲೇ ಅಂದ, "ಊಟ ಬಿಟ್ಟು ಬರೀ ಬಿಸ್ಕತ್ತು ತಿಂದ್ರೆ ಇನ್ನೇನಾಗುತ್ತೆ."

"ಮಾವ, ಸ್ವಲ್ಪ ಸುಮ್ನಿರಿ." ಹುಡುಗಿ ಅಳೋ ಹಾಗಿದ್ಲು.

ಇಂಚಕ್ಕ ಕಾಲು ಎತ್ತಿದ್ಲು. ಪುಸ್ತಕ ನೋಡಿದ್ಲು, ಮಗಳ ಹಾಳೆ ನೋಡಿದ್ಲು. "ಅಯ್ಯೋ, ಅದು ಮಗುವಿನ ಅಳತೆ ಅಲ್ಲ ಕಣೇ, ಕತ್ತರಿಸೋ ಅಳತೆ. ಬೆಳೆಯೋ ಮಕ್ಕಳಿಗೆ ಬಿಗಿಯಾಗಿ ಹೊಲಿದ್ರೆ ಮೂರು ತಿಂಗಳಿಗೆ ಅವರಮ್ಮ ಜಗಳಕ್ಕೆ ಬರ್ತಾಳೆ. ಅದಕ್ಕೆ ಉದ್ದಕ್ಕೆ ಕತ್ತರಿಸಿ, ಕೆಳಗಿನ ಅಂಚನ್ನ ಒಳಗೆ ಮಡಚಿ ಹೊಲಿಯೋದು. ಮಗು ಬೆಳೆದ ಹಾಗೆ ಮನೆಯಲ್ಲಿ ಬಿಚ್ಕೊತಾರೆ. ಆ ಮಡಿಕೆಯೂ ಸೇರಿಸಿಯೇ ನಾನು ಬರೆಯೋದು."

"ಸರಿ ಹಾಗಾದ್ರೆ. ಎಷ್ಟು ಸೇರಿಸ್ತೀಯ? ನಾನು ಎಲ್ಲರಿಗೂ ಅಷ್ಟು ಕಳೀತೀನಿ."

ಇಂಚಕ್ಕ ಬೆರಳು ಮಡಚಿ ಲೆಕ್ಕ ಹಾಕೋಕೆ ಹೋದ್ಲು. ಒಬ್ಬೊಬ್ಬರಿಗೆ ಒಂದೊಂದು ಥರ. ಕೆಳಗೆ ಇಬ್ಬರು ತಂಗಿಯರಿದ್ರೆ ಮೂರೂವರೆ, ಯಾಕಂದ್ರೆ ಆ ಸ್ಕರ್ಟು ಮೂರು ಸೊಂಟ ನೋಡಬೇಕು. ಒಬ್ಬನೇ ಮಗ ಆದ್ರೆ ಒಂದೂವರೆ. ಅಪ್ಪ ಎತ್ತರ ಇದ್ರೆ ಅರ್ಧ ಹೆಚ್ಚು. ಟೇಪು ಹಿಡಿದಾಗ ಮಗುವಿನ ಪಾದ ನೋಡ್ತಾಳೆ, ಪಾದ ದೊಡ್ಡದಿದ್ರೆ ಇನ್ನೊಂದು ಅರ್ಧ. ಇದೆಲ್ಲ ಎಲ್ಲಿ ಬರೆದಿದ್ದಾಳೆ? ಎಲ್ಲೂ ಇಲ್ಲ. ಟೇಪು ಒಂದು ಹೇಳುತ್ತೆ, ತಲೆ ಲೆಕ್ಕ ಹಾಕುತ್ತೆ, ಕೈ ಕೊನೇ ನಂಬರ್ ಒಂದನ್ನ ಮಾತ್ರ ಬರೆಯುತ್ತೆ. ಇಪ್ಪತ್ತೆರಡು ವರ್ಷದಿಂದ ಹೀಗೇ.

"ಕೊಡು ಇಲ್ಲಿ" ಅಂದ್ಲು. ಭುಜ ಸೆಳೀತಿತ್ತು, ಹಲಗೆ ಮೇಲೆ ಇನ್ನೂ ಹದಿನಾರು ಶರಟಿಗೆ ಕಾಲರ್ ಕಾಯ್ತಿತ್ತು. ಪೆನ್ನು ತಗೊಂಡು ಒಂದೊಂದೇ ಹೆಸರು ನೋಡ್ತಾ, ಆ ಮಗುವನ್ನ ನೆನಪಿಸ್ಕೊಳ್ತಾ, ಹತ್ತೇ ನಿಮಿಷದಲ್ಲಿ ಮೂವತ್ತೆರಡು ಮಕ್ಕಳ ಹೋದ ವರ್ಷದ 'ಸರಿಯಾದ' ಅಳತೆ ಬರೆದುಕೊಟ್ಟಳು. ಕಣ್ಣಳತೆಯಲ್ಲಿ ಅವಳನ್ನ ಮೀರಿಸೋರಿಲ್ಲ ಅನ್ನೋದು ನಿಜ. ಲಾಯರಮ್ಮ ಗ್ರಾಫ್ ಹಾಕಿದ್ಲು. ಎಲ್ಲರೂ ಒಂದೋ ಎರಡೋ ಇಂಚು ಬೆಳೆದಿದ್ರು. ಕ್ಲಾಸಿನಲ್ಲಿ ಎಲ್ಲರಿಗಿಂತ ಉದ್ದದ ಹುಡುಗಿ ಒಬ್ಬಳಿದ್ದಾಳೆ, ಕಾಲು ನೋಡಿ ಕೊಕ್ಕರೆ ಅಂತಾರೆ. ಅವಳು ಮಾತ್ರ ಮೂರು ಇಂಚು ದಾಟಿದ್ಲು. ಗ್ರಾಫ್ ನೋಡೋಕೆ ಎಷ್ಟು ಚೆಂದ ಇತ್ತು ಅಂದ್ರೆ ಇಸ್ತ್ರಿ ಮಾವನೂ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಬಂದು ನೋಡಿದ.

ಬುಧವಾರ ಸೈನ್ಸ್ ಮಿಸ್‌ಗೆ ತೋರಿಸಿದ್ಲು. ಮಿಸ್ ಗ್ರಾಫ್ ನೋಡ್ಲಿಲ್ಲ, ಹಿಂದಿನ ಹಾಳೆ ನೋಡಿದ್ರು.

"ಈ ವರ್ಷದ್ದರಲ್ಲಿ ಹತ್ತೊಂಬತ್ತೂವರೆ, ಇಪ್ಪತ್ತೂಕಾಲು ಅಂತೆಲ್ಲ ಇದೆ. ಹೋದ ವರ್ಷ ಯಾರಿಗೂ ಅರ್ಧ ಇಂಚೇ ಇಲ್ಲ. ಹೋದ ವರ್ಷ ಮಕ್ಕಳೆಲ್ಲ ರೌಂಡ್ ಆಗಿದ್ರಾ?"

ಲಾಯರಮ್ಮ ಸುಳ್ಳು ಹೇಳೋಳಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದ್ಲು.

ಮಿಸ್ ಬೈಯಲಿಲ್ಲ. ಬೈದಿದ್ರೇ ಚೆನ್ನಾಗಿತ್ತು. "ನೋಡು ಮಗು, ಟೇಪು ಹೇಳಿದ್ದು ಡೇಟಾ. ಅದನ್ನ ನೋಡಿ, ಯೋಚನೆ ಮಾಡಿ, ನಾವು ಹೇಳೋದು ರಿಸಲ್ಟು. ನಿಮ್ಮಮ್ಮ ಅಂದಾಜು ಮಾಡಿ ಬರೆದಿದ್ದು ಅವರ ಯೋಚನೆ. ಒಳ್ಳೇ ಯೋಚನೆಯೇ ಇರಬಹುದು. ಆದ್ರೆ ನೀನು ಅದನ್ನ ಡೇಟಾ ಅಂತ ಕಾಲಮ್ಮಿಗೆ ಹಾಕಿ, ಅದರಿಂದಲೇ ಮತ್ತೆ ರಿಸಲ್ಟ್ ತೆಗೆದಿದ್ದೀಯ. ಉತ್ತರದಿಂದ ಉತ್ತರ ಬಂತು ಅಷ್ಟೇ. ಶುಕ್ರವಾರಕ್ಕೆ ಅಳೆದ ನಂಬರ್ ತಂದ್ರೆ ಓದು. ಇಲ್ಲಾಂದ್ರೆ ಬೇಡ."

ಸಂಜೆ ಹುಡುಗಿ ಬಂದೋಳೇ ಬ್ಯಾಗ್ ಎಸೆದು ಹಲಗೆ ಕೆಳಗೆ ನುಗ್ಗಿದ್ಲು. ಇಪ್ಪತ್ತೆರಡು ಪುಸ್ತಕವನ್ನೂ ಎಳೆದು ಹಾಕಿದ್ಲು.

"ಇಷ್ಟರಲ್ಲಿ ಒಂದು ಸಲನಾದ್ರೂ ಟೇಪು ಹೇಳಿದ್ದನ್ನ ಬರೆದಿದ್ದೀಯಾ ಅಮ್ಮ?"

"ಟೇಪು ಹೇಳಿದ್ದನ್ನ ಬರೆದು ಹೊಲಿದ್ರೆ, ಮಗು ಬಗ್ಗಿದ ಕೂಡಲೇ ಬಟ್ಟೆ ಹರಿಯುತ್ತೆ."

"ಹೊಲಿಯೋದು ಬೇರೆ, ಬರೆಯೋದು ಬೇರೆ ಅಲ್ವಾ?"

"ನಿನ್ನ ಹಾಗೆ ಎರಡೆರಡು ಬರ್ಕೊಂಡು ಕೂತಿದ್ರೆ ಈ ಬೀದಿ ಮಕ್ಕಳು ಬರೀ ಮೈಯಲ್ಲಿ ಸ್ಕೂಲಿಗೆ ಹೋಗ್ಬೇಕಿತ್ತು."

"ಮತ್ತೆ ಎಲ್ಲರಿಗೂ ಯಾಕೆ ಹೇಳ್ತಿದ್ದೆ, ಮಕ್ಕಳ ಬೆಳವಣಿಗೆ ನನ್ನ ಪುಸ್ತಕಕ್ಕೆ ಗೊತ್ತು ಅಂತ? ಇದರಲ್ಲಿ ಒಂದು ಮಗುವೂ ಇಲ್ಲ. ಬರೀ ಬಟ್ಟೆ ಇದೆ."

ಇಂಚಕ್ಕ ಹರಡಿಬಿದ್ದ ಪುಸ್ತಕಗಳನ್ನ ನೋಡ್ತಾ ಇದ್ಲು. ಇಪ್ಪತ್ತೆರಡು ವರ್ಷ ಬಗ್ಗಿ, ಮಂಡಿ ಊರಿ, ಸಾವಿರಾರು ಮಕ್ಕಳ ಸೊಂಟಕ್ಕೆ ಟೇಪು ಸುತ್ತಿದ್ದಾಳೆ. ಒಂದು ಮಗುವಿನ ನಿಜವಾದ ಅಳತೆ ಹೇಳು ಅಂದ್ರೆ ಹೇಳೋಕಾಗಲ್ಲ. ಕಾಲರ್ ತಿರುಗಿಸಿ ಸೂಜಿ ಕೆಳಗೆ ಇಟ್ಟಳು, ಮೆಷಿನ್ ತುಳಿದ್ಲು, ದಾರ ಕಿತ್ತುಹೋಯ್ತು. ಪೋಣಿಸೋಕೆ ಹೋದ್ರೆ ಸೂಜಿಯ ಕಣ್ಣು ಕಾಣಲೇ ಇಲ್ಲ. ಸುಮ್ನೆ ಕೈ ಮಡಿಲಲ್ಲಿ ಇಟ್ಕೊಂಡು ಕೂತ್ಲು.

ಆ ಹೊತ್ತಿಗೆ ಬಾಗಿಲಲ್ಲಿ ಇಸ್ತ್ರಿ ಮಾವ ಯಾವುದೋ ಹಳೇ ಸ್ಕರ್ಟಿನ ಜೊತೆ ಗುದ್ದಾಡ್ತಿದ್ದ. "ದರಿದ್ರ ಗೆರೆ" ಅಂದ. "ಈ ಮನೆಯೋರು ಅಂಚು ಬಿಚ್ಚಿಬಿಡ್ತಾರೆ, ಹಳೇ ಮಡಿಕೆ ಗೆರೆ ಹಾಗೇ ಉಳಿಯುತ್ತೆ. ಮೇಲಿನ ಬಟ್ಟೆ ಬಿಸಿಲಿಗೆ ಮಾಸಿರುತ್ತೆ, ಒಳಗಿದ್ದದ್ದು ಹೊಸದಾಗೇ ಇರುತ್ತೆ. ನೀರು ಚಿಮುಕಿಸಿ ತಿಕ್ಕಿದ್ರೂ ಹೋಗಲ್ಲ. ಬೈಗುಳ ಮಾತ್ರ ನನಗೆ, ಇಸ್ತ್ರಿ ಸರಿ ಇಲ್ಲ ಅಂತ."

ಇಂಚಕ್ಕ ತಲೆ ಎತ್ತಿದ್ಲು. "ಅಣ್ಣ, ಅದನ್ನ ಇಲ್ಲಿ ಕೊಡು."

ಸ್ಕರ್ಟನ್ನ ಹಲಗೆ ಮೇಲೆ ಹರಡಿದ್ಲು. ಹಳೇ ಗೆರೆಯಿಂದ ಈಗಿನ ಅಂಚಿನವರೆಗೆ ಟೇಪು ಇಟ್ಟಳು. "ಒಂದೂಮುಕ್ಕಾಲು." ಮಗಳ ಕಡೆ ನೋಡಿದ್ಲು. "ಹೋದ ವರ್ಷ ನಾನು ಹೊಲಿದಾಗ ಅಂಚು ಇಲ್ಲಿತ್ತು. ವರ್ಷದಲ್ಲಿ ಇಷ್ಟು ಬಿಚ್ಚಿದ್ದಾರೆ. ಇದನ್ನ ನಾನು ಬರೆದಿಲ್ಲ, ಬಟ್ಟೆಯೇ ಬರ್ಕೊಂಡಿದೆ. ಇದು ಆಗುತ್ತಾ ನಿನ್ನ ಮಿಸ್‌ಗೆ?"

ಲಾಯರಮ್ಮ ತಾನೂ ಒಂದು ಸಲ ಟೇಪು ಇಟ್ಟು ನೋಡಿ, "ಆಗುತ್ತೆ ಅನ್ಸುತ್ತೆ" ಅಂದ್ಲು. ಅವಳ ಬಾಯಲ್ಲಿ ಇಷ್ಟು ಬರೋದೇ ಕಷ್ಟ.

ಗುರುವಾರ ಸಂಜೆ ಮಕ್ಕಳೆಲ್ಲ ಹಳೇ ಯೂನಿಫಾರ್ಮ್ ತಂದುಕೊಟ್ಟರು, ಬೆಳಿಗ್ಗೆ ವಾಪಸ್ ಕೊಡೋ ಮಾತಿನ ಮೇಲೆ. ಮೂವತ್ತೆರಡೂ ಸಿಗಲಿಲ್ಲ. ಕೆಲವು ತಮ್ಮ ತಂಗಿಯರ ಅಳತೆಗೆ ಕತ್ತರಿಸಿ ಆಗಿತ್ತು, ಎರಡು ನೆಲ ಒರೆಸೋ ಬಟ್ಟೆ ಆಗಿತ್ತು. ಹತ್ತೊಂಬತ್ತು ಸಿಕ್ಕಿತು. ಮಾವ ಇಸ್ತ್ರಿ ಹಾಕಿ ಗೆರೆ ಎದ್ದು ಕಾಣೋ ಹಾಗೆ ಮಾಡಿಕೊಡ್ತಿದ್ದ. "ಜೀವನ ಪೂರ್ತಿ ಅಳಿಸೋಕೆ ನೋಡಿದ ಗೆರೆಗೆ ಇವತ್ತು ಸೇವೆ ಮಾಡೋ ಹಾಗಾಯ್ತು" ಅಂತ ಗೊಣಗ್ತಿದ್ದ. ಇಂಚಕ್ಕ ಟೇಪು ಇಟ್ಟು ಹೇಳೋಳು, ಮಗಳು ಹೆಸರಿಲ್ಲದೆ ಬರೀ ನಂಬರ್ ಹಾಕಿ ಬರೆಯೋಳು. ಒಂದು. ಒಂದೂಕಾಲು. ಎರಡು. ಮುಕ್ಕಾಲು.

ಹನ್ನೊಂದನೇದು ಕೊಕ್ಕರೆಯ ಸ್ಕರ್ಟು. ಇಂಚಕ್ಕ ತಿರುಗಿಸಿ ತಿರುಗಿಸಿ ನೋಡಿದ್ಲು. ಗೆರೆಯೇ ಇಲ್ಲ. ತಾನು ಹಾಕಿದ ಹೊಲಿಗೆ ತಾನು ಹಾಕಿದ ಹಾಗೇ ಇದೆ, ಒಂದು ದಾರವೂ ಕಿತ್ತಿಲ್ಲ.

"ಮೂರು ಬರ್ಕೊ" ಅಂದ್ಲು.

"ಟೇಪು ಎಷ್ಟು ಹೇಳ್ತು?"

"ಟೇಪು ಇಡೋಕೆ ಜಾಗವೇ ಇಲ್ಲ. ಬಿಚ್ಚಿಲ್ಲ ಇವರು. ಆದ್ರೆ ಅವಳು ಮೂರು ಇಂಚು ಬೆಳೆದಿದ್ದಾಳೆ ಅಂತ ಕಣ್ಣಿದ್ದೋರಿಗೆಲ್ಲ ಗೊತ್ತು. ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ, ಅಷ್ಟೇ."

"ಹಾಗಾದ್ರೆ ಸೊನ್ನೆ."

"ಏ ಹುಡುಗಿ, ಇಡೀ ಕ್ಲಾಸಿಗೆ ಉದ್ದದೋಳಿಗೆ ಸೊನ್ನೆ ಬೆಳವಣಿಗೆ ಅಂತ ಓದಿದ್ರೆ ನಿಮ್ಮ ಮಿಸ್ ನಿನ್ನ ಆಚೆ ಕಳಿಸ್ತಾರೆ. ಇಲ್ಲಾ ಅದನ್ನ ಬಿಟ್ಟುಬಿಡು, ಹದಿನೆಂಟು ಅಂತ ಹೇಳು."

ಲಾಯರಮ್ಮ ಪೆನ್ನು ಹಿಡಿದು ಕೂತ್ಲು. ಅವಳಿಗೂ ಆಸೆ ಆಗದೆ ಇರ್ಲಿಲ್ಲ. ಹದಿನೆಂಟು ಅಂದ್ರೆ ಎಲ್ಲ ನೀಟಾಗಿರುತ್ತೆ, ಯಾರೂ ಪ್ರಶ್ನೆ ಕೇಳಲ್ಲ. ಆಮೇಲೆ ಹನ್ನೊಂದರ ಮುಂದೆ ಒಂದು ಸೊನ್ನೆ ಸುತ್ತಿದ್ಲು. "ಬುಧವಾರ ಉಗಿಸ್ಕೊಂಡಿದ್ದು ಸಾಕಮ್ಮ" ಅಂದ್ಲು. ಇಂಚಕ್ಕನಿಗೆ ಜಗಳಕ್ಕೆ ತ್ರಾಣ ಇರ್ಲಿಲ್ಲ. "ನಿನ್ನಿಷ್ಟ. ಹನ್ನೆರಡನೇದು ಕೊಡು."

ಶುಕ್ರವಾರ ಇಂಚಕ್ಕ ಅಂಗಡಿಯನ್ನ ಅಣ್ಣನ ಮೇಲೆ ಹಾಕಿ ಸ್ಕೂಲಿಗೆ ಹೋದ್ಲು. ಕೊನೇ ಬೆಂಚಲ್ಲಿ ಜಾಗ ಸಿಕ್ತು, ಮಂಡಿ ಒಳಗೆ ಹೋಗ್ತಿರ್ಲಿಲ್ಲ. ಯಾರೋ ಹುಡುಗ ನೀರು ಸೋಸೋ ಬಾಟಲಿ ತೋರಿಸ್ತಿದ್ದ, ಜಲ್ಲಿ, ಮರಳು, ಇದ್ದಿಲು ಅಂತ ವಿವರಿಸ್ತಿದ್ದ. ಇಂಚಕ್ಕನಿಗೆ ಮರಳು ಬರೋ ಹೊತ್ತಿಗೆ ಕಣ್ಣು ಎಳೀತು. ತಲೆ ತೂಗಿ ಡೆಸ್ಕಿಗೆ ಬಡಿಯೋದರಲ್ಲಿತ್ತು, ಅಷ್ಟರಲ್ಲಿ ಮಗಳ ದನಿ ಕೇಳಿ ಎಚ್ಚರ ಆಯ್ತು.

"...ಹತ್ತನೇ ಬಟ್ಟೆ, ಒಂದೂವರೆ. ಹನ್ನೊಂದನೇ ಬಟ್ಟೆ, ಸೊನ್ನೆ."

ಮಿಸ್ ಕೈ ಎತ್ತಿದ್ರು. "ಸೊನ್ನೆ ಅಂದ್ರೆ ಆ ಮಗು ಬೆಳೆದಿಲ್ಲ ಅಂತಲಾ?"

"ಗೊತ್ತಿಲ್ಲ ಮಿಸ್. ಅಂಚು ಬಿಚ್ಚಿಲ್ಲ, ಅಷ್ಟು ಗೊತ್ತು."

"ಯಾಕೆ ಬಿಚ್ಚಿಲ್ಲ?"

"ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ ಅಂತ ನಮ್ಮಮ್ಮ ಅಂತಾರೆ. ಆದ್ರೆ ಅದು ಅಳೆದಿದ್ದಲ್ಲ, ಅದಕ್ಕೆ ಬರೆದಿಲ್ಲ."

ಕ್ಲಾಸು ಗುಸುಗುಸು ಅಂತು. ಆಗ ಕಿಟಕಿ ಪಕ್ಕದಿಂದ ಕೊಕ್ಕರೆ ಎದ್ದು ನಿಂತ್ಲು. ಯಾರೂ ಕೇಳಿರ್ಲಿಲ್ಲ.

"ಅದು ನಂದು ಮಿಸ್. ನಮ್ಮಮ್ಮ ಬಿಚ್ಚಿಕೊಡ್ತೀನಿ ಅಂದ್ರು, ಮೂರು ಸಲ. ನಾನೇ ಬೇಡ ಅಂದೆ."

"ಯಾಕಮ್ಮ?"

"ಬಿಚ್ಚಿದ್ರೆ ಗೆರೆ ಬೀಳುತ್ತೆ. ಎಷ್ಟು ಬೆಳೆದೆ ಅಂತ ಎಲ್ಲರೂ ನೋಡ್ತಾರೆ." ಸೊಂಟದ ಹತ್ರ ಕೈ ಇಟ್ಟು ತೋರಿಸಿದ್ಲು, "ಮೊದಲೇ ಕೊಕ್ಕರೆ ಅಂತಾರೆ. ಅದಕ್ಕೆ ಸೊಂಟದಿಂದ ಕೆಳಗೆ ಜಗ್ಗಿ ಪಿನ್ ಹಾಕ್ಕೊಂಡಿದ್ದೆ. ವರ್ಷ ಪೂರ್ತಿ. ಇವತ್ತೂ."

ಹಿಂದಿನ ಬೆಂಚಲ್ಲಿ ಇಂಚಕ್ಕನ ನಿದ್ದೆ ಹಾರಿಹೋಗಿತ್ತು. ಆ ಮಗುವಿನ ಸೊಂಟಕ್ಕೆ ತಾನೇ ಟೇಪು ಸುತ್ತಿದ್ದು, ಪಾದ ನೋಡಿ ಅರ್ಧ ಇಂಚು ಜಾಸ್ತಿ ಮಾಡಿದ್ದು, ಎಷ್ಟು ಜಾಣೆ ನಾನು ಅಂದ್ಕೊಂಡಿದ್ದು. ನಿನ್ನೆ ಮಗಳು ಮೂರು ಅಂತ ಬರ್ಕೊಂಡಿದ್ರೆ ಈ ಹುಡುಗಿ ಇವತ್ತು ಎದ್ದು ನಿಲ್ತಿರ್ಲಿಲ್ಲ. ತಾನು ಆ ಅಮ್ಮನನ್ನ ಬೈಕೊಂಡೇ ಇರ್ತಿದ್ಲು.

"ಹಾಗಾದ್ರೆ ನಿನ್ನ ರಿಸಲ್ಟ್ ಏನು?" ಮಿಸ್ ಲಾಯರಮ್ಮನನ್ನ ಕೇಳಿದ್ರು.

ಹುಡುಗಿ ತನ್ನ ಹಾಳೆ ನೋಡ್ಕೊಂಡ್ಲು. ಅದರಲ್ಲಿ ಬರೆದಿದ್ದು ಬೇರೆ ಇತ್ತು. ಅದನ್ನ ಮಡಚಿದ್ಲು. "ಹತ್ತೊಂಬತ್ತು ಬಟ್ಟೆಯ ಅಂಚು ಎಷ್ಟು ಬಿಚ್ಚಿದ್ದಾರೆ ಅಂತ ಗೊತ್ತಾಯ್ತು ಮಿಸ್. ಮಕ್ಕಳು ಎಷ್ಟು ಬೆಳೆದ್ರು ಅಂತ ಇದರಿಂದ ಹೇಳೋಕಾಗಲ್ಲ. ಹೇಳ್ಬೇಕು ಅಂದ್ರೆ ಈ ವರ್ಷ ಅಳೆದಿದ್ದನ್ನ ಇಟ್ಕೊಂಡು ಮುಂದಿನ ವರ್ಷ ಮತ್ತೆ ಅಳೀಬೇಕು."

"ಕೂತ್ಕೋ" ಅಂದ್ರು ಮಿಸ್. "ಪಾಸು."

ಬಹುಮಾನ ನೀರು ಸೋಸೋ ಹುಡುಗನಿಗೆ ಹೋಯ್ತು. ಅದಕ್ಕೆ ಲಾಯರಮ್ಮನ ಮುಖ ಇಷ್ಟುದ್ದ ಆಗಿದ್ದೂ ನಿಜ.

ಕಾರಿಡಾರಲ್ಲಿ ಅಮ್ಮ ಮಗಳು ಹೊರಟಿದ್ರು, ಕೊಕ್ಕರೆ ಹಿಂದಿಂದ ಬಂದ್ಲು. "ಆಂಟಿ, ಈ ವರ್ಷದ ಯೂನಿಫಾರ್ಮಿಗೆ ನಾನಿನ್ನೂ ಅಳತೆ ಕೊಟ್ಟಿಲ್ಲ."

ಇಂಚಕ್ಕನ ಕುತ್ತಿಗೆಯಲ್ಲಿ ಟೇಪು ಇದ್ದೇ ಇತ್ತು, ಅದನ್ನ ತೆಗೆದಿಡೋದೇ ಮರೆತಿದ್ಲು. ಗೋಡೆ ಹಿಡ್ಕೊಂಡು ಮೆಲ್ಲಗೆ ಮಂಡಿ ಊರಿದ್ಲು. ಎರಡೂ ಮಂಡಿ ಲಟಕ್ ಅಂದವು. ಹುಡುಗಿಯ ಸೊಂಟದಿಂದ ಮೊಣಕಾಲಿಗೆ ಟೇಪು ಬಿಟ್ಟಳು.

ಕೊಕ್ಕರೆ ಬಗ್ಗಿ ಪಿಸುಗುಟ್ಟಿದ್ಲು. "ಆಂಟಿ, ಇಪ್ಪತ್ತು ಅಂತ ಬರ್ಕೊಳ್ಳಿ."

"ಇಪ್ಪತ್ತೆರಡು" ಅಂತ ಇಂಚಕ್ಕ ಮಗಳಿಗೆ ಹೇಳಿದ್ಲು. ಮಗಳು ಪ್ರಾಜೆಕ್ಟ್ ಹಾಳೆಯ ಹಿಂದೆ ಬರ್ಕೊಂಡ್ಲು. ಆಮೇಲೆ ಇಂಚಕ್ಕ ಕೊಕ್ಕರೆಯ ಮುಖ ನೋಡಿದ್ಲು. "ಇಪ್ಪತ್ತೆರಡು ನಿಂದು, ಅದು ಹಾಗೇ ಇರ್ಲಿ. ಬಟ್ಟೆಯದ್ದು ಬೇರೆ ಬರ್ಕೊತೀನಿ. ಮಡಿಕೆಯನ್ನ ಕೆಳಗೆ ಇಡಲ್ಲ, ಮೇಲೆ ಸೊಂಟಪಟ್ಟಿ ಒಳಗೆ ಇಡ್ತೀನಿ. ಬೆಳೆದ ಹಾಗೆ ಅಲ್ಲಿಂದ ಬಿಚ್ಚಿದ್ರಾಯ್ತು. ಗೆರೆ ಬಿದ್ರೂ ಶರಟಿನ ಒಳಗೆ ಬೀಳುತ್ತೆ, ಯಾವ ನರಪಿಳ್ಳೆಗೂ ಕಾಣಲ್ಲ."

"ಹಾಗೆ ಹೊಲಿಯೋಕಾಗುತ್ತಾ?"

"ಎರಡರಷ್ಟು ಕೆಲಸ" ಅಂದ್ಲು ಇಂಚಕ್ಕ. ಏಳೋಕೆ ಮಗಳ ಕೈ ಹಿಡ್ಕೊಂಡ್ಲು. "ಈಗ ಆ ಪಿನ್ ತೆಗಿ. ಪಿನ್ ತೆಗೆದು ನೇರ ನಿಂತ್ಕೋ, ಸೊಂಟದ ಸುತ್ತಳತೆ ತಗೋಬೇಕು."